ಎಂಟು ಇರಬೇಕಾದ ಕಡೆ ನಾಲ್ಕು

ನನ್ನ ನಾದಿನಿಯನ್ನು ಮನೆಯಲ್ಲಿ ಎಲ್ಲರೂ ಪುಕ್ಕಲಿ ಎಂದೇ ಕರೆಯುತ್ತಿದ್ದರು. ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವಳು. "ಬಿಡೇ, ಬೀಗಾನೇ ಕಿತ್ಕೊಂಡು ಬಂದೀತು" ಎಂದು ನಮ್ಮ ಯಜಮಾನರು ಇರುವಷ್ಟು ದಿನವೂ ತಂಗಿಯನ್ನು ರೇಗಿಸಿದರು. ಅಂಥವಳಿಗೆ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ಕಾಯುವ ಕೆಲಸ. ನಾನು ಅಲ್ಲೇ ನೆಲ ಒರೆಸುತ್ತಿದ್ದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಂಕಿ ಮಾತ್ರ ಚೆನ್ನಾಗಿ ಬರುತ್ತದೆ.

ರೋಗಿಗಳ ಸ್ಕ್ಯಾನ್ ಚಿತ್ರಗಳು ಒಂದು ಮೆಷಿನ್ನಿನಲ್ಲಿ, ಅವುಗಳ ನಕಲು ಬ್ಯಾಕಪ್ ಸರ್ವರ್ ಎಂಬ ಇನ್ನೊಂದರಲ್ಲಿ. ಆ ವಾರ ಮೊದಲಿನದು ಸುಟ್ಟುಹೋಯಿತು. ಹನ್ನೊಂದು ವರ್ಷದ ಚಿತ್ರಗಳು ನಕಲಿನಲ್ಲಿ ಮಾತ್ರ ಉಳಿದವು. ಹಳೇ ಚಿತ್ರ ಇಲ್ಲದಿದ್ದರೆ ಯಾರ ಗಡ್ಡೆ ಬೆಳೆದಿದೆ, ಯಾರದು ಕರಗಿದೆ ಎಂದು ಡಾಕ್ಟರಿಗೂ ತಿಳಿಯದು. ಆ ನಕಲಿನ ಡಿಸ್ಕೂ ತುಂಬಿಹೋಗಿತ್ತು. ಹೊಸ ಡಿಸ್ಕ್ ಸಿಗಿಸಿ, ಬೀರುವಿಗೆ ಖಾನೆ ಮಾಡಿದಂತೆ ಅದನ್ನು ಭಾಗ ಮಾಡಬೇಕಿತ್ತು. ಯಾವ ಡಿಸ್ಕನ್ನು ಭಾಗ ಮಾಡಿದರೂ ಅದರಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆಯಂತೆ.

ಅವಳದೊಂದು ಕಟ್ಟಳೆ. ಕೊನೆಯ ಗುಂಡಿ ಒತ್ತುವ ಮೊದಲು ಪರದೆಯ ಮೇಲಿರುವುದನ್ನು ಇನ್ನೊಬ್ಬರು ಗಟ್ಟಿಯಾಗಿ ಓದಬೇಕು. ಅವಳ ಜೊತೆ ಕೆಲಸ ಮಾಡುವವನು ಅಂದು ರಜೆ.

"ಏನಮ್ಮಾ, ಇನ್ನೂ ಎಷ್ಟೊತ್ತು? ಹೊರಗೆ ಜನ ಕಾಯ್ತಿದ್ದಾರೆ" ಎಂದರು ದೊಡ್ಡ ಡಾಕ್ಟರು, ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಂತು.

"ಐದೇ ನಿಮಿಷ ಸರ್."

ಅವರು ಹೋದ ಕೂಡಲೇ ನಾದಿನಿ ಓಡಿ ಬಂದು, ಹೊರಗೆ ನೆಲ ಒರೆಸುತ್ತಿದ್ದ ನನ್ನ ಕೈಯಿಂದ ಒರೆಸುವ ಕೋಲು ಕಸಿದಳು.

"ಅತ್ತಿಗೆ, ಒಳಗೆ ಬನ್ನಿ. ಓದಿ."

"ನಾನಾ? ತಲೆ ಕೆಟ್ಟಿದ್ಯೇನೇ?"

"ಅಂಕಿ ಬರುತ್ತಲ್ಲ, ಸಾಕು."

ಒಳಗೆ ಮೂಳೆ ಕೊರೆಯುವ ಚಳಿ. ಮೆಷಿನ್ನುಗಳು ಹುಯ್ಯೆನ್ನುತ್ತಿದ್ದವು. ಮೇಜಿನ ಮೇಲೆ ಡಿಸ್ಕುಗಳ ಅಳತೆ ಬರೆದ ಅವಳ ಚೀಟಿ: ಒಂದನೇ ಡಿಸ್ಕ್ ನಾಲ್ಕು, ತುಂಬಿದ್ದು, ಎರಡನೆಯದು ಎಂಟು, ಹೊಸದು. ಎರಡನೆಯದನ್ನು ಭಾಗ ಮಾಡು ಎಂದು ಕಂಪ್ಯೂಟರಿನಲ್ಲಿ ಆಗಲೇ ಟೈಪ್ ಮಾಡಿಟ್ಟಿದ್ದಳಂತೆ. ಎಂಟರ್ ಒತ್ತುವುದೊಂದೇ ಬಾಕಿ, ಬೆರಳು ಅದರ ಮೇಲೇ ಇತ್ತು.

"ಪರದೇಲಿ ಎರಡನೇದರ ಮುಂದೆ ಎಷ್ಟಿದೆ?"

"ನಾಲ್ಕು."

"ಎಂಟು ಅತ್ತಿಗೆ, ಸರಿಯಾಗಿ ನೋಡಿ."

"ನಾಲ್ಕೇ ಕಣೇ! ನಿನಗೋಸ್ಕರ ಎಂಟು ಅನ್ಲಾ?"

ಅವಳು ಬಗ್ಗಿ ನೋಡಿದಳು. ಕೆಂಡ ಮುಟ್ಟಿದವಳಂತೆ ಕೈ ಎಳೆದುಕೊಂಡು, ಎರಡೂ ಕೈಗಳನ್ನು ತೊಡೆಯಡಿ ಇಟ್ಟು ಅವುಗಳ ಮೇಲೇ ಕುಳಿತಳು.

"ಹೊಸದು ಹಾಕಿ ಮತ್ತೆ ಆನ್ ಮಾಡಿದಾಗ ಮೆಷಿನ್ನು ನಂಬರನ್ನ ಅದಲುಬದಲು ಮಾಡಿದೆ. ಈಗ ಎರಡನೇದೇ ಚಿತ್ರಗಳಿರೋ ಹಳೇ ಡಿಸ್ಕು. ನಾನು ಬೆಳಗ್ಗೆಯಿಂದ ಚೀಟೀಲಿದ್ದದ್ದನ್ನೇ ಪರದೇಲೂ ಕಾಣ್ತಿದ್ದೆ."

"ಒತ್ತಿಲ್ವಲ್ಲ, ಬಿಡು."

"ಒತ್ತಿದ್ದಿದ್ರೆ?"

ನಾನು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕುಳಿತೆ.

ಚೀಟಿ ಹರಿದು, ಹೊಸದಾಗಿ ಬರೆದು, ನನ್ನಿಂದ ನಾಲ್ಕು ಸಲ ಓದಿಸಿದಳು. ಒತ್ತುವಾಗ ಇಬ್ಬರೂ ಉಸಿರು ಬಿಡಲಿಲ್ಲ. ಆಮೇಲೆ ಒಂದು ಹಳೇ ಚಿತ್ರ ತೆಗೆದಳು. ಯಾರದೋ ಎದೆಗೂಡು, ಎಲುಬೆಲ್ಲ ಎಣಿಸುವಷ್ಟು ಸ್ಪಷ್ಟ. ಅದನ್ನು ನೋಡಿಯೇ ಅವಳು ಅತ್ತದ್ದು.

ಕೋಣೆಗೆ ಬೀಗ ಹಾಕಿ ಮೂರು ಸಲ ಜಗ್ಗಿದಳು. ಅವಳು ಮುಂದೆ ಹೋದ ಮೇಲೆ ನಾನೂ ಒಂದು ಸಲ ಜಗ್ಗಿದೆ.