ಕೀಬೋರ್ಡಿನ ಎಡತುದಿ

ಹನ್ನೆರಡು ವರ್ಷದ ಹಿಂದೆ ತಾನೇ ಬರೆದು ಮೂಲೆಗೆಸೆದಿದ್ದ ದೋಣಿ ಪಂದ್ಯದ ಕಂಪ್ಯೂಟರ್ ಗೇಮನ್ನು ಲಿಫ್ಟ್ ರಿಪೇರಿಯವನು ಮತ್ತೆ ಕೈಗೆತ್ತಿಕೊಂಡ. ಸೋಪಿನ ಬಿಲ್ಲೆಯಂತಿದ್ದ ದೋಣಿಗಳಿಗೆ ಆಕಾರ ಕೊಟ್ಟ. ನೀರು ಬಿಟ್ಟು ದಡದ ಮೇಲೆ ಓಡುವ ಅವುಗಳ ಚಾಳಿ ಬಿಡಿಸಿದ. ಆದರೆ ಅದು ಇಬ್ಬರು ಆಡುವ ಆಟ. ಒಂದೇ ಕೀಬೋರ್ಡಿನ ಎಡತುದಿ ಅಕ್ಕನದು, ಬಲತುದಿ ಇವನದು.

ಆಟದ ಪರದೆಯ ಫೋಟೋ ಕಳಿಸಿದ್ದಕ್ಕೆ ಅಕ್ಕ ಫೋನು ಮಾಡಿದಳು. "ಚೆನ್ನಾಗಿದೆ ಕಣೋ. ಒಬ್ಬರೇ ಆಡೋ ಹಾಗೆ ಮಾಡ್ಬಿಡು. ನನಗೆಲ್ಲಿ ಬಿಡುವು?"

ಹತ್ತು ಸಾಲು ಕೋಡ್ ಬರೆದರೆ ಮುಗಿಯುತ್ತಿತ್ತು. ಹಾಳಾದ್ದು, ಮನಸ್ಸೇ ಬರಲಿಲ್ಲ.

"ಎರಡನೇ ಆಟಗಾರರು ತಯಾರಾ?" ಎಂದು ಪರದೆ ಕೇಳಿತು. ಎಡಗೈ ಚಾಚಿ ಅಕ್ಕನ ಗುಂಡಿ ಒತ್ತಿದ. ಮೂರು ಪಂದ್ಯ ಆಡಿ, ಮೂರನ್ನೂ ಎಡಗೈಗೇ ಬಿಟ್ಟುಕೊಟ್ಟ. ಆಗೆಲ್ಲ ಸೋತರೆ ಅಕ್ಕ ಎದ್ದು ಹೋಗಿಬಿಡುತ್ತಿದ್ದಳು.