ನೆಲದ ಮೇಲಿನ ಮಹಡಿ

ಜನ ಬಿಟ್ಟುಹೋದ ಮೇಲೂ ಮನೆಯೊಳಗೆ ಓಡಾಡುವವರ ಕಥೆಗಳನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ. ಇದು ಮನೆ ಬರುವ ಮೊದಲೇ ಅದರೊಳಗೆ ಓಡಾಡುವವರ ಕಥೆ. ದೆವ್ವದಾಣೆಗೂ ನಿಜ.

ಬೆಳಗಿನ ಐದೂವರೆ. ಖಾಲಿ ನಿವೇಶನದ ತುಂಬ ಮಂಜು. ಒಳಗೆಲ್ಲೋ ಕಿರ್ರೆಂದು ಬಾಗಿಲು ತೆರೆಯುತ್ತದೆ. ಚಿಲಕ ಬೀಳುತ್ತದೆ. ನಲ್ಲಿಯೊಂದು ತೊಟಕ್, ತೊಟಕ್ ಎನ್ನುತ್ತದೆ. ಅಲ್ಲಿ ಬಾಗಿಲೂ ಇಲ್ಲ, ನಲ್ಲಿಯೂ ಇಲ್ಲ. ಇರುವುದು ಐವತ್ತೆಂಟು ವರ್ಷದ ಒಬ್ಬ ಹೆಂಗಸು, ತಳಕ್ಕೆ ತೂತು ಹೊಡೆದ ತಗಡಿನ ಡಬ್ಬಿ, ಡಬ್ಬಿಯಿಂದ ಉದುರುವ ಸುಣ್ಣದ ಪುಡಿ. ಬಾಗಿಲು, ಚಿಲಕ, ನಲ್ಲಿ ಎಲ್ಲವೂ ಅವರ ಬಾಯಲ್ಲೇ ಇವೆ.

ಕಟ್ಟಡ ಕೆಲಸದವರು ಅವರನ್ನು ಗೆರೆಯಕ್ಕ ಎನ್ನುತ್ತಾರೆ. ಕಾಗದದ ಮೇಲೆ ಅಂಗೈಯಗಲ ಇರುವ ನಕ್ಷೆಯನ್ನು ನೆಲದ ಮೇಲೆ ನಿಜದ ಅಳತೆಯಲ್ಲಿ ಬಿಡಿಸುವುದು ಅವರ ಕಸುಬು. ಎರಡಂತಸ್ತಿನ ಮನೆಯಾದರೆ ಎಡಗಡೆ ಕೆಳಮನೆ, ಅದರ ಪಕ್ಕಕ್ಕೇ ಮಹಡಿ. ಗೋಡೆ ಒಂಬತ್ತು ಅಂಗುಲ, ಮೆಟ್ಟಿಲು ಹದಿನೇಳು. ಗೂಟ, ದಾರ, ನಾಲ್ಕು ಬಾಂಡ್ಲಿ ಸುಣ್ಣ, ಮೂರು ಗಂಟೆ ಬಗ್ಗಿದ ಸೊಂಟ. ದಣಿದು ಸುಣ್ಣವಾದೆ ಎಂದು ಉಳಿದವರು ಬಾಯಿಮಾತಿಗೆ ಹೇಳಬಹುದು. ಗೆರೆಯಕ್ಕ ದಿನಾ ತಲೆಯಿಂದ ಕಾಲಿನವರೆಗೆ ಹಾಗೆಯೇ ಆಗುತ್ತಾರೆ.

ಬಿಳಿ ಹುಬ್ಬು ಒರೆಸಿಕೊಳ್ಳುತ್ತ ಅವರು ಹೇಳುತ್ತಾರೆ, "ನಮ್ಮೆಜಮಾನ್ರು ಕಟ್ಟಡ ಕಾಯೋ ಕೆಲಸದಲ್ಲಿದ್ರು. ಅರ್ಧ ಎದ್ದ ಮನೇಲೇ ನಮ್ಮ ಸಂಸಾರ. ಹತ್ತೊಂಬತ್ತು ಮನೇಲಿ ಇದ್ದೀನಿ. ಬಾಗಿಲು ಕೂರಿಸೋ ದಿನ ಪಾತ್ರೆಪಗಡ ಕಟ್ಕೊಂಡು ಹೊರಗೆ. ಖಾಲಿ ಮನೆ ಸುಮ್ನಿರಲ್ಲ, ಮಾತಾಡ್ತಿರುತ್ತೆ. ಕೇಳಿ ಕೇಳಿ ಕಲಿತೆ."

ಯಜಮಾನರು ತೀರಿಕೊಂಡ ಮೇಲೆ ಇಟ್ಟಿಗೆ ಹೊತ್ತರು. ಒಂದು ಮನೆ ಪೂರ್ತಿ ಎದ್ದ ಮೇಲೆ ಮಂಚ ಕೋಣೆಯೊಳಗೆ ಹೋಗಲಿಲ್ಲ, ಗೋಡೆ ಒಡೆದರು. "ನಾನೇ ಹೊತ್ತ ಇಟ್ಟಿಗೇನ ನಾನೇ ವಾಪಸ್ ಹೊತ್ತೆ. ಅವತ್ತೇ ಅನ್ನಿಸ್ತು, ಕಟ್ಟಿಸೋರು ಮೊದಲು ನೆಲದ ಮೇಲೆ ಒಂದು ಬೆಳಿಗ್ಗೆ ಬಾಳಿ ನೋಡ್ಲಿ ಅಂತ." ಅದಕ್ಕೀಗ ಇಪ್ಪತ್ತೆರಡು ವರ್ಷ.

ಆರು ಗಂಟೆಗೆ ಇವತ್ತಿನ ಕುಟುಂಬ ಬರುತ್ತದೆ. ಶಾಲೆಯ ಬಸ್ಸು ಓಡಿಸುವ ಮಗ, ಕಾಫಿಯ ಫ್ಲಾಸ್ಕು ಹಿಡಿದ ಅವರ ಹೆಂಡತಿ, ಎಪ್ಪತ್ತೆಂಟರ ಅಜ್ಜಿ. ನಕ್ಷೆಗಳು ಎರಡು, ವ್ಯತ್ಯಾಸ ಒಂದೇ. ಒಂದರಲ್ಲಿ ಅಜ್ಜಿಯ ಕೋಣೆ ಮಹಡಿಯಲ್ಲಿ, ಕೆಳಗೆ ಎಲ್ಲರೂ ಕೂರಲು ಭರ್ಜರಿ ಹಾಲು. ಇನ್ನೊಂದರಲ್ಲಿ ಕೋಣೆ ಕೆಳಗೆ, ಹಾಲು ಅರ್ಧ. ನಾಳೆ ಪಾಯ ತೋಡುವವರು ಬರುತ್ತಾರೆ. ಇವತ್ತು ತೀರ್ಮಾನವಾಗಲೇಬೇಕು.

"ಮೇಲೆ ಒಳ್ಳೇ ಗಾಳಿ ಬರುತ್ತೆ ಅಮ್ಮಂಗೆ," ಎನ್ನುತ್ತಾರೆ ಮಗ.

"ಗಾಳಿ ಬರುತ್ತೆ ರೀ. ನೀವು ಬರ್ತೀರಾ?" ಎಂದು ಹೆಂಡತಿ.

ಅಜ್ಜಿಗೆ ಮಾತ್ರ ಯಾವ ತಕರಾರೂ ಇಲ್ಲ. "ಎಲ್ಲಾದ್ರೂ ಹಾಕಪ್ಪ, ಮಳೆ ಬೀಳದಿದ್ರೆ ಸಾಕು."

ಮಗ ಕೇಳಿದ ಮಹಡಿಕೋಣೆಯ ನಕ್ಷೆಯನ್ನೇ ಗೆರೆಯಕ್ಕ ಬಿಡಿಸಿದ್ದಾರೆ. ಅವರ ಕಾನೂನು ಒಂದೇ: ಗೆರೆ ದಾಟುವಂತಿಲ್ಲ, ಬಾಗಿಲು ಬಿಟ್ಟ ಕಡೆಯೇ ಓಡಾಡಬೇಕು. ಮೊದಲು ಎಲ್ಲರೂ ನಗುತ್ತಾರೆ. ಅರ್ಧ ಗಂಟೆಯಲ್ಲಿ ಏನೋ ಆಗುತ್ತದೆ. ಅಡುಗೆಮನೆಗೆ ಹೊರಟ ಸೊಸೆ ಇಲ್ಲದ ಮೂಲೆಗೆ ಭುಜ ತಾಗದಂತೆ ಓರೆಯಾಗುತ್ತಾರೆ. ಮಲಗುವ ಕೋಣೆಯಲ್ಲಿ ಗಂಡಹೆಂಡಿರ ದನಿ ತಾನಾಗಿ ಪಿಸುಮಾತಿಗಿಳಿಯುತ್ತದೆ. ಕಾಗೆಯೊಂದು ನಡೆಯುತ್ತಾ ಗೋಡೆಯೊಳಗಿಂದ ತೂರಿಬಂದಾಗ ಇಬ್ಬರೂ ಬೆಚ್ಚಿಬೀಳುತ್ತಾರೆ.

"ಈಗ ಹಾಲಲ್ಲಿ ಕೂತು ಕಣ್ಣು ಮುಚ್ಚಿ. ಮಹಡಿ ಶಬ್ದ ಹೆಂಗೆ ಕೇಳುತ್ತೆ ತೋರಿಸ್ತೀನಿ." ಗೆರೆಯಕ್ಕ ಅಂಗೈ ಬಾಯಿಗಿಟ್ಟು ತಲೆಯ ಮೇಲೆ ಯಾರೋ ನಡೆದಂತೆ ಮಾಡುತ್ತಾರೆ. ದುಡು, ದುಡು. ಲೋಟವೊಂದು ಬಿದ್ದು ಉರುಳುತ್ತದೆ. ಮಗ ಕಣ್ಣು ಮುಚ್ಚಿಯೇ ಕತ್ತೆತ್ತಿ ಇಲ್ಲದ ಸೂರು ನೋಡುತ್ತಾರೆ.

ಆಮೇಲೆ ಬಹಳ ದೂರದಿಂದ, ಎರಡು ಗೋಡೆ ದಾಟಿ ಬಂದಂತೆ, ಒಂದು ಸಣ್ಣ ದನಿ: "ಮಗಾ... ಒಂಚೂರು ಬಾರೋ..."

"ಅಬ್ಬಾ, ಥೇಟ್ ಅಮ್ಮನ ದನಿ!" ಮಗ ಕಣ್ಣು ತೆರೆಯುತ್ತಾರೆ. ಗೆರೆಯಕ್ಕ ಅವರ ಎದುರಿಗೇ ಕೂತಿದ್ದಾರೆ. ಲೋಟ ತುಟಿಯಲ್ಲಿ, ಬಾಯಿ ತುಂಬ ಕಾಫಿ. ಅವರ ಕಣ್ಣೂ ಅಗಲವಾಗಿದೆ. ಅಜ್ಜಿ ಕೂತಿದ್ದ ಜಾಗ ಖಾಲಿ.

"ಮಗಾ..."

ದನಿ ಬಂದ ಕೋಣೆ ಹಾಲಿನ ಪಕ್ಕದಲ್ಲೇ ಇದೆ. ನೇರ ಹೋದರೆ ಹತ್ತು ಹೆಜ್ಜೆ, ಅಡ್ಡ ಬರುವುದು ಮಂಜೊಂದೇ. ಮಗ ದಡಕ್ಕನೆ ಎದ್ದು ಓಡುತ್ತಾರೆ. ಆದರೆ ನೇರಕ್ಕಲ್ಲ. ಹಾಲಿನ ಬಾಗಿಲಿಗೆ ಓಡುತ್ತಾರೆ. ಮನೆಯೊಳಗಿನ ಓಣಿಯ ಕೊನೆಗೆ ಓಡುತ್ತಾರೆ. ಅಲ್ಲಿ ಚಪ್ಪಟೆ ನೆಲದ ಮೇಲೆ ಮಂಡಿ ಎತ್ತೆತ್ತಿ ಹದಿನೇಳು ಮೆಟ್ಟಿಲು ಹತ್ತುತ್ತಾರೆ, ತಿರುವಿನಲ್ಲಿ ಇಲ್ಲದ ಕಂಬಿ ಹಿಡಿಯುತ್ತಾರೆ. ಅಷ್ಟರಲ್ಲಿ ದನಿ ನಿಂತಿದೆ.

ಮಹಡಿಯ ಕೋಣೆಯಲ್ಲಿ ಅಜ್ಜಿ ಸುಣ್ಣದ ಚೌಕದ ನಡುವೆ ಅಂಗಾತ ಮಲಗಿದ್ದಾರೆ. ಕಣ್ಣು ಮುಚ್ಚಿದೆ. ಕೈಗಳು ಎದೆಯ ಮೇಲೆ.

"ಅಮ್ಮಾ?"

ಮಗ ಹತ್ತಿರ ಬಗ್ಗುತ್ತಾರೆ.

"ಅಮ್ಮಾ!"

ಒಂದು ಕಣ್ಣು ತೆರೆಯುತ್ತದೆ. "ಎಷ್ಟ್ ಹೊತ್ತೋ ಬರಕ್ಕೆ?"

ಮಗ ಪಕ್ಕದಲ್ಲೇ ಕೂರುತ್ತಾರೆ. ಅಜ್ಜಿ ಮಲಗಿದಲ್ಲೇ, ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳುತ್ತಾರೆ: "ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದೆ, ಅವತ್ತೂ ಹಿಂಗೇ ಕೂಗಿದ್ದೆ. ನೀನು ಟೀವಿ ನೋಡ್ತಿದ್ದೆ. ಒಂದು ಗಂಟೆ ಆದ್ಮೇಲೆ ನಾನೇ ಎದ್ದೆ."

"ಯಾಕಮ್ಮ ಹೇಳಲಿಲ್ಲ?"

"ಕೂಗಿದ್ದೇ ಕೇಳಿಸ್ದೇ ಇರೋನಿಗೆ ಹೇಳಿದ್ದು ಕೇಳ್ಸುತ್ತಾ?"

ಗೆರೆಯಕ್ಕ ಯಾರನ್ನೂ ಕೇಳದೆ ಡಬ್ಬಿ ಎತ್ತಿಕೊಂಡು ಭರ್ಜರಿ ಹಾಲಿನ ನಟ್ಟನಡುವೆ ಗೋಡೆ ಎಳೆಯತೊಡಗುತ್ತಾರೆ. ಮಗ ಬೇಡ ಎನ್ನುವುದಿಲ್ಲ. ಹೊಸ ಕೋಣೆಗೆ ಬಾಗಿಲು ಎಲ್ಲಿ ಎಂದು ಗೆರೆಯಕ್ಕ ಕೇಳಿದ್ದಕ್ಕೆ, "ನಾನು ಕೂತ್ಕೊಳ್ಳೋ ಕಡೆಗೇ ಇಡಿ," ಎನ್ನುತ್ತಾರೆ.

"ನನ್ನ ಬಾಯಿಗೇ ಬೀಗ ಹಾಕಿಬಿಟ್ರು ಅಜ್ಜಿ," ಎಂದು ಗೆರೆಯಕ್ಕ ಕೈಕೆಲಸ ನಿಲ್ಲಿಸದೆ ಹೇಳುತ್ತಾರೆ. ಅವರದೂ ಒಂದು ಆಸೆ ಉಂಟು. "ಸಾವಿರದ ಮೇಲೆ ಮನೆ ಬಿಡಿಸಿದ್ದೀನಿ. ಕಟ್ಟಿದ ಮೇಲೆ ಯಾರೂ ಕರೆಯಲ್ಲ. ಒಂದು ಮನೆಗಾದ್ರೂ ಹೋಗಿ, ನಾನು ಮಾಡಿದ ಶಬ್ದ ಸರಿ ಇತ್ತಾ ಅಂತ ಕೇಳ್ಬೇಕು."

"ಈ ಮನೆಗೆ ನೀನೇ ಮೊದಲು ಬಾ," ಎಂದು ಮಲಗಿದಲ್ಲಿಂದಲೇ ಅಜ್ಜಿ.

ಮಗ ತಾಯಿಯನ್ನು ಎಬ್ಬಿಸಿ, ಕೈಹಿಡಿದು ನೇರ ಹೊರಗೆ ಕರೆತರಲು ಕಾಲೆತ್ತುತ್ತಾರೆ. ಅಜ್ಜಿ ಕೈ ಕಿತ್ತುಕೊಳ್ಳುತ್ತಾರೆ.

"ಅಲ್ಲಿ ಗೋಡೆ ಇದೆ ಕಣೋ! ಹತ್ತಿ ಬಂದೋನು ಇಳಿಸ್ಕೊಂಡು ಹೋಗು."

ಹದಿನೇಳು ಮೆಟ್ಟಿಲು. ಒಂದೊಂದಕ್ಕೂ ನಿಂತು, ಮಂಡಿ ಹಿಡಿದು, "ಅಯ್ಯಯ್ಯಪ್ಪಾ" ಎನ್ನುತ್ತ ಅಜ್ಜಿ ಸಪಾಟು ನೆಲದ ಮೇಲೆ ಇಳಿಯುತ್ತಾರೆ. ಮಗ ಹಲ್ಲುಕಚ್ಚಿ ಎಣಿಸುತ್ತಾರೆ. ಹನ್ನೊಂದರಲ್ಲಿ ಸೊಸೆಯ ತುಟಿ ಅಲುಗುತ್ತದೆ. ಹದಿಮೂರರಲ್ಲಿ ಗೆರೆಯಕ್ಕ ಬಾಯಲ್ಲೇ ಮೆಟ್ಟಿಲು ಕಿರ್ರೆನ್ನಿಸುತ್ತಾರೆ. ಹದಿನಾಲ್ಕನೆಯದರಲ್ಲಿ ಅಜ್ಜಿ, "ಮಗಾ, ಕನ್ನಡಕ ಮೇಲೇ ಬಿಟ್ಟೆ," ಎಂದಾಗ ನಗು ಹೊರಡುತ್ತದೆ. ಮಂಜು ಸೀಳಿ, ಕಾಗೆ ಹಾರಿಸಿ, ಎಲ್ಲರ ನಗುವನ್ನೂ ಮುಳುಗಿಸಿ ಕೇಳುತ್ತಿರುವುದು ಮಗನದೇ. ನಗುತ್ತ ನಗುತ್ತ ಅವರು ಕನ್ನಡಕಕ್ಕಾಗಿ ಮತ್ತೆ ಮೆಟ್ಟಿಲು ಹತ್ತುತ್ತಿದ್ದಾರೆ.