ಸ್ಟುಡಿಯೊದಲ್ಲಿ ಮಾಯವಾದ ಬ್ಯಾಕ್ಟೀರಿಯಾ

“ಚುಕ್ಕೆಗಳನ್ನೆಲ್ಲ ತೆಗೆದುಬಿಟ್ಟಿದ್ದೀನಮ್ಮಾ, ಈಗ ಎಷ್ಟು ಚೆನ್ನಾಗಿದೆ ನೋಡಿ” ಎನ್ನುತ್ತಾ ದ್ವಾರಕಾ ನಗರ ಬಡಾವಣೆಯ ಸ್ಟುಡಿಯೊ ಮಾಲೀಕರು ಫೋಟೊ ಮುಂದಿಟ್ಟರು. ತೆಲುಗರಾದರೂ ತಾಯಿಯ ಕಡೆಯಿಂದ ಅವರಿಗೆ ಕನ್ನಡ ಬರುತ್ತಿತ್ತು. ಅದು ಮೈಕ್ರೋಸ್ಕೋಪಿನಲ್ಲಿ ತೆಗೆದ ಚಿತ್ರ. ಆ ಚುಕ್ಕೆಗಳೇ ನನ್ನ ಸಂಶೋಧನೆಯ ಬ್ಯಾಕ್ಟೀರಿಯಾ. ಮರುದಿನ ವಿಜಯವಾಡದ ವಿಚಾರಸಂಕಿರಣದಲ್ಲಿ ಅವನ್ನೇ ತೋರಿಸಬೇಕಿತ್ತು.

ವಿಷಯ ತಿಳಿದ ಮಾಲೀಕರು ಗಾಬರಿಯಾಗಿ ಕುಂಚ ಕೈಗೆತ್ತಿಕೊಂಡು, “ಎಲ್ಲೆಲ್ಲಿ ಇಡಬೇಕು ಹೇಳಿ, ಈಗಲೇ ಇಟ್ಟುಬಿಡ್ತೀನಂಡಿ” ಎಂದರು. ಪುಣ್ಯಕ್ಕೆ ನೆಗೆಟಿವ್ ಹಾಗೇ ಇತ್ತು. ಹೊಸ ಪ್ರತಿ ಹಾಕಿಸಿಕೊಂಡು ರೈಲು ಹತ್ತಿದೆ.

ಸಂಕಿರಣದಲ್ಲಿ ತಮಾಷೆಗೆಂದು ನಡೆದದ್ದನ್ನು ಹೇಳಿ ಎರಡೂ ಫೋಟೊ ತೋರಿಸಿದೆ. ನನ್ನ ಬ್ಯಾಕ್ಟೀರಿಯಾ ಬಗ್ಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮಗಳಿಗೆ ಗಂಡು ಹುಡುಕುತ್ತಿದ್ದ ಪ್ರೊಫೆಸರೊಬ್ಬರು ಮಾತ್ರ ಊಟದ ಹೊತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದು ಸ್ಟುಡಿಯೊದ ವಿಳಾಸ ಬರೆದುಕೊಂಡರು.